ಹೊಸ ಪಿಕಪ್‌ನಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಗೇರ್‌ಬಾಕ್ಸ್ ಆಯಿಲ್ ನೋಡೋದು ಹೇಗೆ?

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ನಾಲ್ಕು ತಿಂಗಳ ಹಿಂದೆ ಟೊಯೋಟಾ ಹೈಲಕ್ಸ್ ಆಟೋಮ್ಯಾಟಿಕ್ ತಗೊಂಡೆ. ಅಪ್ಪನ ಕಾಲದಿಂದ ಮನೆಯಲ್ಲಿ ಜೀಪೇ ಇದ್ದದ್ದು, ವಾರಕ್ಕೊಮ್ಮೆ ಬಾನೆಟ್ ಎತ್ತಿ ಎಲ್ಲ ಆಯಿಲ್ ನೋಡೋದು ರೂಢಿ. ಇದರಲ್ಲಿ ಎಂಜಿನ್‌ಗೆ ಡಿಪ್‌ಸ್ಟಿಕ್ ಇದೆ, ಗೇರ್‌ಬಾಕ್ಸಿಗೆ ಎಲ್ಲೂ ಕಾಣ್ತಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ‘ಅದು ಸೀಲ್ಡ್, ನೋಡೋದೇ ಬೇಡ’ ಅಂದರು. ಹೋದ ವಾರ ತೋಟದ ದಾರಿಯಲ್ಲಿ ಗಾಡಿಯ ಅಡಿಗೆ ಕಲ್ಲು ಬಡಿಯಿತು. ಎರಡು ದಿನ ಬಿಟ್ಟು ನೋಡಿದರೆ ಶೆಡ್ಡಿನ ನೆಲದಲ್ಲಿ ಕೆಂಪಗೆ ನಾಲ್ಕೈದು ಹನಿ. ಓಡಿಸುವಾಗ ಏನೂ ವ್ಯತ್ಯಾಸ ಇಲ್ಲ. ನಾನೇ ಲೆವೆಲ್ ನೋಡಬಹುದಾ? ಕಡಿಮೆ ಇದ್ದರೆ ಅರ್ಧ ಲೀಟರ್ ಹಾಕಬಹುದಾ?

ಉತ್ತರ: ಲೆವೆಲ್ಲಿನ ಮಾತು ಆಮೇಲೆ. ಮೊದಲು ಆ ಹನಿ ಯಾವುದರದ್ದು ಅಂತ ಗೊತ್ತಾಗಬೇಕು.

ನಿಮ್ಮ ಗಾಡಿಯಲ್ಲಿ ಕೆಂಪಗೆ ಸೋರುವಂಥದ್ದು ಒಂದಲ್ಲ, ಮೂರಿವೆ. ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಕೆಂಪು. ಪವರ್ ಸ್ಟೀರಿಂಗ್ ಹೈಡ್ರಾಲಿಕ್, ಹಾಗಾಗಿ ಅದರೊಳಗಿನ ಆಯಿಲ್ಲೂ ಎಟಿಎಫ್ ಜಾತಿಯದೇ, ಅದೂ ಕೆಂಪು. ಇನ್ನು ಟೊಯೋಟಾದವರ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಗುಲಾಬಿ. ಧೂಳು ಕೂತ ಸಿಮೆಂಟ್ ನೆಲದ ಮೇಲೆ ಎರಡು ದಿನ ಒಣಗಿದ ಹನಿಯನ್ನು ನೋಡಿ ಇಂಥದ್ದೇ ಅಂತ ಹೇಳೋಕೆ ಆಗೋದಿಲ್ಲ. ಯಾರಾದರೂ ಫೋಟೋ ನೋಡಿ ಹೇಳಿದರೆ ನಂಬಬೇಡಿ, ನನ್ನನ್ನೂ ಸೇರಿಸಿ.

ಇವತ್ತು ರಾತ್ರಿ ಹೀಗೆ ಮಾಡಿ. ಯಾವುದಾದರೂ ದೊಡ್ಡ ರಟ್ಟಿನ ಡಬ್ಬ ಬಿಚ್ಚಿ, ಮುಂದಿನ ಬಂಪರ್‌ನಿಂದ ಡ್ರೈವರ್ ಸೀಟಿನ ಹಿಂದಿನವರೆಗೂ ಗಾಡಿಯಡಿ ಹಾಸಿ. ಮುಂದಿನ ಚಕ್ರ ಎಲ್ಲಿ ನಿಂತಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಗ್ಗೆ ರಟ್ಟು ಎಳೆದು ನೋಡಿ. ಹನಿ ಬಿದ್ದಿದ್ದರೆ ಬೆರಳಿಗೆ ತಗೊಂಡು ಉಜ್ಜಿ. ಎಟಿಎಫ್ ಆದರೆ ತೆಳ್ಳಗೆ, ಜಾರು ಜಾರಾಗಿ, ಎಷ್ಟು ಉಜ್ಜಿದರೂ ಒಣಗೋದಿಲ್ಲ, ರಟ್ಟಿನಲ್ಲಿ ಅಂಚು ಹರಡಿಕೊಂಡು ಎಣ್ಣೆ ಕಲೆಯಾಗಿ ಉಳಿಯುತ್ತೆ. ಕೂಲೆಂಟ್ ಆದರೆ ನೀರಿನ ಹಾಗೆ ಇರುತ್ತೆ, ಒಣಗಿದ ಮೇಲೆ ಸ್ವಲ್ಪ ಅಂಟು, ವಾಸನೆ ಸಿಹಿ. ನಾಲಿಗೆಗೆ ಮುಟ್ಟಿಸಬೇಡಿ, ಅದು ವಿಷ. ತೋಟದ ಮನೆಯಲ್ಲಿ ನಾಯಿ ಇದ್ದೇ ಇರುತ್ತೆ ಅಲ್ವಾ, ಅದೂ ನೆಕ್ಕದ ಹಾಗೆ ನೋಡಿಕೊಳ್ಳಿ, ಆ ಸಿಹಿಗೆ ನಾಯಿಗಳು ಬರುತ್ತವೆ. ಬರೀ ನೀರು ಬಿದ್ದಿದ್ದರೆ ಅದು ಏಸಿ ನೀರು, ಚಿಂತೆ ಇಲ್ಲ.

ಆಮೇಲೆ ಬಾನೆಟ್ ಎತ್ತಿ, ಕೂಲೆಂಟ್ ಡಬ್ಬಿ ಮತ್ತು ಪವರ್ ಸ್ಟೀರಿಂಗ್ ಡಬ್ಬಿ, ಎರಡರ ಮೇಲೂ ಗೆರೆ ಇರುತ್ತೆ, ನೋಡಿ. ಯಾವುದಾದರೂ ಗೆರೆಗಿಂತ ಕೆಳಗೆ ಇಳಿದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಎರಡೂ ಸರಿ ಇದ್ದು, ಹನಿ ಸೀಟಿನ ಕೆಳಗಿನ ಭಾಗದಲ್ಲಿ ಬಿದ್ದಿದ್ದರೆ ಆಗ ಗೇರ್‌ಬಾಕ್ಸ್ ಮೇಲೆ ಅನುಮಾನ ಪಡಬಹುದು. ಒಂದು ಎಚ್ಚರಿಕೆ: ಅಡಿಗೆ ತಗಡಿನ ಗಾರ್ಡ್ ಇರುತ್ತೆ, ಸೋರಿದ್ದು ಮೊದಲು ಅದರ ಮೇಲೆ ನಿಂತು ಎಲ್ಲೋ ತೂತಿರುವ ಕಡೆ ಇಳಿಯುತ್ತೆ. ಓಡುವಾಗ ಗಾಳಿಗೂ ಆಯಿಲ್ ಹಿಂದಕ್ಕೆ ಹೋಗುತ್ತೆ. ಹಾಗಾಗಿ ಹನಿ ಬಿದ್ದ ಜಾಗವೇ ಸೋರುವ ಜಾಗ ಅಂತ ಇಲ್ಲ, ಆದರೆ ಸುಮಾರಾಗಿ ದಿಕ್ಕು ಗೊತ್ತಾಗುತ್ತೆ.

ಈಗ ನಿಮ್ಮ ಅಸಲು ಪ್ರಶ್ನೆ. ನಾಲ್ಕು ತಿಂಗಳ ಗಾಡಿ, ವಾರಂಟಿ ಇದೆ, ಮನೆಯಲ್ಲಿ ಲೆವೆಲ್ ನೋಡೋಕೆ ಹೋಗಬೇಡಿ. ಅದೇನು ಬ್ರಹ್ಮವಿದ್ಯೆ ಅಂತಲ್ಲ. ಆದರೆ ಜೀಪಿನಲ್ಲಿ ಕಡ್ಡಿ ಎಳೆದು ಬನಿಯನ್ ಬಟ್ಟೆಗೆ ಒರೆಸಿ ನೋಡಿದ ಹಾಗೆ ಇದನ್ನು ನೋಡೋಕೆ ಬರೋದಿಲ್ಲ. ಮೆಕ್ಯಾನಿಕ್ ಹೇಗೆ ನೋಡಬೇಕು ಅಂತ ನಿಮಗೆ ಗೊತ್ತಿದ್ದರೆ, ಅವರು ಸರಿಯಾಗಿ ಮಾಡುತ್ತಿದ್ದಾರಾ ಇಲ್ಲವಾ ಅಂತ ಪಕ್ಕದಲ್ಲಿ ನಿಂತು ತಿಳಿದುಕೊಳ್ಳಬಹುದು, ಅದಕ್ಕೇ ಪೂರ್ತಿ ಬರೆಯುತ್ತೇನೆ.

ಸೀಲ್ಡ್ ಅಂದ ಮಾತ್ರಕ್ಕೆ ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದಾರೆ ಅಂತಲ್ಲ. ಡಿಪ್‌ಸ್ಟಿಕ್ ತೆಗೆದರು, ಅಷ್ಟೇ. ಮೊದಲೆಲ್ಲ ಕಡ್ಡಿ ಇದ್ದಾಗ ಜನ ಧೂಳು ಬಟ್ಟೆಯಲ್ಲಿ ಒರೆಸಿ ಹಾಕುತ್ತಿದ್ದರು, ಅಂಗಡಿಯಲ್ಲಿ ಸಿಕ್ಕ ಕೆಂಪು ಆಯಿಲ್ ತಂದು ಸುಮ್ನೆ ಸುರಿಯುತ್ತಿದ್ದರು, ಗೆರೆ ದಾಟಿದರೂ ‘ಇರಲಿ ಒಳ್ಳೇದೇ’ ಅನ್ನುತ್ತಿದ್ದರು. ಈಗಿನ ಗೇರ್‌ಬಾಕ್ಸಿಗೆ ಈ ಉಪಚಾರ ತಡೆಯೋದಿಲ್ಲ. ಅದಕ್ಕೆ ಬದಲು ಗೇರ್‌ಬಾಕ್ಸಿನ ಮೈಗೆ ಒಂದು ಫಿಲ್ಲರ್ ಪ್ಲಗ್, ಅಡಿಯ ಚೇಂಬರಿನಲ್ಲಿ (ಆಯಿಲ್ ನಿಲ್ಲುವ ತಟ್ಟೆ) ಒಂದು ಚೆಕ್ ಪ್ಲಗ್ ಕೊಟ್ಟಿರುತ್ತಾರೆ. ಚೆಕ್ ಪ್ಲಗ್ಗಿನ ತೂತಿನೊಳಗೆ ಮೇಲ್ಮುಖವಾಗಿ ಒಂದು ಸಣ್ಣ ಕೊಳವೆ ನಿಂತಿರುತ್ತೆ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಓವರ್‌ಫ್ಲೋ ಪೈಪ್ ಇರುತ್ತಲ್ಲ, ಅದೇ ಕೆಲಸ ಇದರದ್ದೂ. ಆಯಿಲ್ ಆ ಕೊಳವೆಯ ಬಾಯಿಗಿಂತ ಮೇಲಿದ್ದರೆ ಹೊರಗೆ ಬರುತ್ತೆ, ಕೆಳಗಿದ್ದರೆ ಬರೋದಿಲ್ಲ.

ಇಷ್ಟೇ ಆಗಿದ್ದರೆ ಯಾರು ಬೇಕಾದರೂ ನೋಡಬಹುದಿತ್ತು. ತೊಂದರೆ ಇರೋದು ಬಿಸಿಯಲ್ಲಿ. ಎಟಿಎಫ್ ಬಿಸಿಯಾದ ಹಾಗೆ ಉಬ್ಬುತ್ತೆ. ಹತ್ತು ಲೀಟರ್ ಆಯಿಲ್ 20 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಹೆಚ್ಚುಕಮ್ಮಿ ಅರ್ಧ ಲೀಟರಿನಷ್ಟು ಜಾಸ್ತಿ ಜಾಗ ಹಿಡಿಯುತ್ತೆ. ನೀವು ‘ಅರ್ಧ ಲೀಟರ್ ಹಾಕಲಾ’ ಅಂತ ಕೇಳಿದ್ದೀರಿ ನೋಡಿ, ಅಷ್ಟೇ ವ್ಯತ್ಯಾಸ ಬರೀ ಬಿಸಿಯಿಂದಲೇ ಬರುತ್ತೆ! ಘಾಟಿ ಹತ್ತಿ ಬಂದ ಗಾಡಿಯ ಪ್ಲಗ್ ತೆಗೆದರೆ ಆಯಿಲ್ ಧಾರಾಳವಾಗಿ ಸುರಿಯುತ್ತೆ, ಜಾಸ್ತಿ ಇದೆ ಅಂತ ಅನ್ನಿಸುತ್ತೆ, ಸುರಿಯಲು ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತೆ. ಪೂರ್ತಿ ತಣ್ಣಗಿರುವಾಗ ನೋಡಿ ತುಂಬಿಸಿದರೆ ಬಿಸಿಯಾದ ಮೇಲೆ ಉಕ್ಕುತ್ತೆ. ಅದಕ್ಕೇ ಕಂಪನಿಯವರು ಇಷ್ಟು ಡಿಗ್ರಿಯಿಂದ ಇಷ್ಟು ಡಿಗ್ರಿಯೊಳಗೆ ಮಾತ್ರ ನೋಡಿ ಅಂತ ಒಂದು ಅಳತೆ ಕೊಡುತ್ತಾರೆ. ಈ ಬಗೆಯ ಬಹಳಷ್ಟು ಗೇರ್‌ಬಾಕ್ಸಿಗೆ ಅದು 40 ಡಿಗ್ರಿಯ ಆಸುಪಾಸು, ಹತ್ತು ಡಿಗ್ರಿ ಅಗಲದ ಕಿಟಕಿ ಅಂದುಕೊಳ್ಳಿ. ನಿಮ್ಮ ಮಾಡೆಲ್ಲಿನ ನಿಖರ ಅಂಕಿ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತೆ, ಮೆಕ್ಯಾನಿಕ್ ಅದನ್ನು ತೆಗೆದು ನೋಡಲೇಬೇಕು, ಬಾಯಿಲೆಕ್ಕ ಬೇಡ.

ನಿಮ್ಮೂರಿನಲ್ಲಿ ಡಿಸೆಂಬರ್ ಬೆಳಗ್ಗೆ ಆದರೆ ಗಾಡಿ ಸ್ಟಾರ್ಟ್ ಮಾಡಿ ಆ ಬಿಸಿಗೆ ಬರೋಕೆ ಸಾಕಷ್ಟು ಹೊತ್ತು ಸಿಗುತ್ತೆ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿ ಸ್ಟಾರ್ಟ್ ಆಗುವಾಗಲೇ ಕಿಟಕಿಯ ಬಾಗಿಲಲ್ಲಿರುತ್ತೆ, ಪ್ಲಗ್ ಬಿಚ್ಚುವಷ್ಟರಲ್ಲಿ ದಾಟಿ ಹೋಗುತ್ತೆ. ಹಾಗಾಗಿ ಈ ಕೆಲಸ ಬೆಳಗ್ಗೆ, ರಾತ್ರಿಯಿಡೀ ನಿಂತ ಗಾಡಿಗೆ ಮಾಡುವಂಥದ್ದು. ನೀವು ಓಡಿಸಿಕೊಂಡು ಹೋಗಿ ಹಾಗೇ ರ‍್ಯಾಂಪ್ ಹತ್ತಿಸಿ ‘ಲೆವೆಲ್ ನೋಡಿ’ ಅಂದರೆ ಸರಿಯಾದ ಮೆಕ್ಯಾನಿಕ್ ‘ಬಿಟ್ಟು ಹೋಗಿ ಸಾರ್, ನಾಳೆ ನೋಡುತ್ತೇನೆ’ ಅನ್ನಬೇಕು. ತಕ್ಷಣ ಪಾನಾ ಹಿಡಿದರೆ ಅನುಮಾನ ಪಡಿ.

ಇನ್ನೊಂದು, ಎಂಜಿನ್ ಓಡುತ್ತಿರಬೇಕು. ಆಟೋಮ್ಯಾಟಿಕ್ಕಿನಲ್ಲಿ ಎಂಜಿನ್ ತಿರುಗಿದರೆ ಮಾತ್ರ ಒಳಗಿನ ಪಂಪ್ ತಿರುಗುತ್ತೆ, ಪಂಪ್ ತಿರುಗಿದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ವಾಲ್ವ್ ಬಾಡಿ (ಆಯಿಲ್ ಎತ್ತ ಹೋಗಬೇಕು ಅಂತ ತಿರುಗಿಸುವ ಭಾಗ), ಕೂಲರ್ ಪೈಪು ಎಲ್ಲ ತುಂಬಿಕೊಂಡು ಚೇಂಬರಿನಲ್ಲಿ ಉಳಿದದ್ದೇ ಅಸಲು ಲೆವೆಲ್. ಎಂಜಿನ್ ಆಫ್ ಮಾಡಿದರೆ ಮೇಲಿದ್ದದ್ದು ಕೆಳಗಿಳಿದು ಚೇಂಬರ್ ತುಂಬಿಕೊಳ್ಳುತ್ತೆ. ಇದನ್ನು ನಾನು ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಂಜಿನ್ ಓಡುವಾಗ ಗಾಡಿಯಡಿ ಮಲಗೋಕೆ ಹೆದರಿ ಆಫ್ ಮಾಡಿಸಿ ಚೆಕ್ ಪ್ಲಗ್ ಬಿಚ್ಚಿದೆ. ಬಿಸಿ ಆಯಿಲ್ ಅಂಗೈಯಿಂದ ಶುರುವಾಗಿ ತೋಳಿನೊಳಗೆ ಕಂಕುಳವರೆಗೂ ಇಳಿಯಿತು. ಪ್ಲಗ್ ಕೈಯಿಂದ ಜಾರಿ ಪಿಟ್ಟಿನ ಕೆಸರಲ್ಲಿ ಬಿತ್ತು, ಅದನ್ನು ಹುಡುಕುವಷ್ಟರಲ್ಲಿ ಮತ್ತೊಂದು ಲೀಟರ್ ಹೋಯಿತು. ನಮ್ಮ ಮೇಸ್ತ್ರಿ ಮೇಲೆ ನಿಂತು ನಗುತ್ತಿದ್ದರು, ಆ ಶರ್ಟಿನ ಕೆಂಪು ಕೊನೆಯವರೆಗೂ ಹೋಗಲಿಲ್ಲ. (ಎಲ್ಲ ಗಾಡಿಗೂ ಎಂಜಿನ್ ಓಡಲೇಬೇಕು ಅಂತ ಇಲ್ಲ. ಹೋಂಡಾ ಕಾರುಗಳಲ್ಲಿ ಆಫ್ ಮಾಡಿಯೇ ನೋಡೋದು. ಅದಕ್ಕೇ ಒಂದು ಗಾಡಿಯಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯಬಾರದು.)

ಇನ್ನು ಕೆಲಸ ನಡೆಯುವ ಕ್ರಮ. ಗಾಡಿ ನಾಲ್ಕೂ ಚಕ್ರ ಸಮವಾಗಿ ನಿಂತಿರಬೇಕು, ಲಿಫ್ಟ್ ಅಥವಾ ಪಿಟ್. ಮುಂದೆ ಮಾತ್ರ ಜಾಕ್ ಹಾಕಿ ಎತ್ತಿದರೆ ಆಯಿಲ್ ಹಿಂದಕ್ಕೆ ವಾಲುತ್ತೆ, ಲೆವೆಲ್ ಸುಳ್ಳಾಗುತ್ತೆ, ಜೀವಕ್ಕೂ ಅಪಾಯ. ಮೊದಲು ಫಿಲ್ಲರ್ ಪ್ಲಗ್ ಸಡಿಲ ಆಗುತ್ತಾ ಅಂತ ನೋಡಿಕೊಳ್ಳಬೇಕು, ಆಮೇಲೆ ಕೆಳಗಿನದ್ದು ಮುಟ್ಟಬೇಕು. ಕೆಳಗಿನದ್ದು ಬಿಚ್ಚಿ ಆಯಿಲ್ ಹೋದ ಮೇಲೆ ಮೇಲಿನದ್ದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಎಟಿಎಫ್‌ನ ಬಿಸಿ ಎಷ್ಟಿದೆ ಅಂತ ಓದುತ್ತಿರಬೇಕು. ಟೊಯೋಟಾದ ಹಲವು ಗಾಡಿಗಳಲ್ಲಿ ಸ್ಕ್ಯಾನರ್ ಇಲ್ಲದೆಯೂ ಒಂದು ದಾರಿ ಇಟ್ಟಿದ್ದಾರೆ. ಡಯಾಗ್ನೋಸ್ಟಿಕ್ ಪೋರ್ಟಿನಲ್ಲಿ ಎರಡು ಪಿನ್ ಜೋಡಿಸಿ ಒಂದು ಮೋಡ್‌ಗೆ ಹಾಕಿದರೆ, ಮೀಟರಿನಲ್ಲಿರುವ ‘ಡಿ’ ದೀಪವೇ ಹೇಳುತ್ತೆ: ಆರಿದ್ದರೆ ಇನ್ನೂ ತಣ್ಣಗಿದೆ, ಹತ್ತಿದರೆ ಸರಿಯಾದ ಬಿಸಿ, ಮಿನುಗಿದರೆ ದಾಟಿ ಹೋಯಿತು. ನನಗಂತೂ ಇದು ಬಹಳ ಇಷ್ಟ. ಆದರೆ ಪಿನ್ ತಪ್ಪಿದರೆ ಕಂಪ್ಯೂಟರಿಗೇ ಪೆಟ್ಟು, ಮನೆಯಲ್ಲಿ ಪ್ರಯೋಗ ಬೇಡ.

ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಪಿ, ಆರ್, ಎನ್, ಡಿ ಅಂತ ಒಂದೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿ ಗೆ ತರಬೇಕು, ಆಗ ಒಳಗಿನ ದಾರಿಗಳೆಲ್ಲ ತುಂಬುತ್ತವೆ. ಬಿಸಿ ಸರಿಯಾದ ಅಳತೆಗೆ ಬಂದಾಗ ಚೆಕ್ ಪ್ಲಗ್ ಬಿಚ್ಚಬೇಕು. ಈಗ ನೀವು ಬಗ್ಗಿ ನೋಡಬೇಕಾದದ್ದು ಇದೇ. ಮೊದಲು ಕೊಳವೆಯಲ್ಲಿ ನಿಂತಿದ್ದದ್ದು ಸ್ವಲ್ಪ ಬರುತ್ತೆ, ಅದು ಲೆಕ್ಕಕ್ಕಿಲ್ಲ. ಆಮೇಲೂ ಧಾರೆಯಾಗಿ ಬಂದರೆ ಜಾಸ್ತಿ ಇದೆ. ಧಾರೆ ಸಣ್ಣಗಾಗಿ, ದೋಸೆ ಹೆಂಚಿಗೆ ಎಣ್ಣೆ ಬಿಡುವಾಗ ನೂಲಿನ ಹಾಗೆ ಇಳಿಯುತ್ತಲ್ಲ ಹಾಗೆ ಬಂದು, ಹನಿ ಹನಿಯಾದಾಗ ಲೆವೆಲ್ ಸರಿ ಅಂತ ಅರ್ಥ. ತಕ್ಷಣ ಹೊಸ ವಾಷರ್ ಹಾಕಿ ಮುಚ್ಚಬೇಕು. ಏನೂ ಬರಲಿಲ್ಲ ಅಂದರೆ ಕಡಿಮೆ ಇದೆ, ಮೇಲಿನ ಪ್ಲಗ್ಗಿನಿಂದ ಕೈಪಂಪ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಆ ನೂಲು ಬರುವವರೆಗೂ ಕಾಯಬೇಕು. ಇಷ್ಟೂ ಹೊತ್ತು ಬಿಸಿ ಏರುತ್ತಲೇ ಇರುತ್ತೆ, ಕಿಟಕಿ ದಾಟಿದರೆ ಮುಚ್ಚಿ, ತಣ್ಣಗಾಗಿಸಿ, ಮತ್ತೆ ಮೊದಲಿಂದ.

ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನಾಗುತ್ತೆ ಅಂತ ಕೇಳುತ್ತೀರಿ. ಕಡಿಮೆ ಇದ್ದರೆ ಸಮ ರಸ್ತೆಯಲ್ಲಿ ಗೊತ್ತೇ ಆಗದೆ ಇರಬಹುದು. ಆದರೆ ನೀವು ಶಿರಾಡಿ ಹತ್ತುವಾಗ ಮೂತಿ ಮೇಲೆ, ಆಯಿಲ್ ಚೇಂಬರಿನ ಹಿಂದಕ್ಕೆ ಹೋಗಿ ಕೂರುತ್ತೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತೆ, ಫಿಲ್ಟರಿನ ಬಾಯಿ ಒಂದು ಕ್ಷಣ ಬಯಲಾದರೂ ಸಾಕು, ಪಂಪ್ ಗಾಳಿ ಎಳೆದುಕೊಳ್ಳುತ್ತೆ. ಗಾಳಿ ಬೆರೆತರೆ ಒತ್ತಡ ಬೀಳುತ್ತೆ, ಒತ್ತಡ ಬಿದ್ದರೆ ಕ್ಲಚ್ ಪ್ಲೇಟುಗಳು ಗಟ್ಟಿಯಾಗಿ ಹಿಡಿಯದೆ ಜಾರುತ್ತವೆ, ಜಾರಿದರೆ ಸುಡುತ್ತವೆ. ನಿಮ್ಮ ಗಾಡಿ ಆಟೋಮ್ಯಾಟಿಕ್ ಆದ್ದರಿಂದ ಎಂಜಿನ್ ಕೊಡುವ ತಿರುಗಿಸುವ ಬಲ (ಟಾರ್ಕ್) 500 ನ್ಯೂಟನ್ ಮೀಟರ್, ಮ್ಯಾನ್ಯುಯಲ್ಲಿಗೆ 420 ಮಾತ್ರ. ಅಷ್ಟೂ ಶಕ್ತಿ ಈ ಕೆಂಪು ಆಯಿಲ್ಲಿನ ಒತ್ತಡದ ಮೇಲೆ ನಿಂತಿದೆ. ಜಾಸ್ತಿ ಇದ್ದರೆ? ತಿರುಗುವ ಭಾಗಗಳು ಆಯಿಲ್ಲಿಗೆ ಬಡಿದು ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸುತ್ತವೆ. ನೊರೆ ಅಂದರೆ ಮತ್ತೆ ಗಾಳಿಯೇ. ಕಡಿಮೆ ಇದ್ದಾಗ ಆಗುವ ಕೇಡೇ ಜಾಸ್ತಿ ಇದ್ದಾಗಲೂ ಆಗುತ್ತೆ, ಮೇಲಿಂದ ಬ್ರೀದರ್‌ನಲ್ಲಿ (ಒಳಗಿನ ಗಾಳಿ ಆಡಲು ಬಿಟ್ಟ ಸಣ್ಣ ತೂತು) ಆಯಿಲ್ ಉಕ್ಕಿ ಹೊರಗೆ ಬಂದು ‘ಸೋರುತ್ತಿದೆ’ ಅಂತ ಇನ್ನೂ ಅರ್ಧ ಲೀಟರ್ ಹಾಕಿಸಿಕೊಳ್ಳುವ ಪುಣ್ಯಾತ್ಮರೂ ಇದ್ದಾರೆ. ಒಂದು ಎಸ್‌ಯುವಿ ಹಾಗೇ ನನ್ನ ಹತ್ತಿರ ಬಂತು. ಯಾವುದೋ ವರ್ಕ್‌ಶಾಪಿನಲ್ಲಿ ಎರಡು ಸಲ ಟಾಪ್‌ಅಪ್ ಆಗಿತ್ತು. ಪ್ಲಗ್ ತೆಗೆದಾಗ ಬಂದದ್ದು ಆಯಿಲ್ ಅಲ್ಲ, ಗುಳ್ಳೆ ಗುಳ್ಳೆಯಾದ ಕೆಂಪು ನೊರೆ. ಸುಮಾರು ಒಂದೂವರೆ ಲೀಟರ್ ಹೊರಗೆ ತೆಗೆದ ಮೇಲೆ ಸೋರೋದು ನಿಂತಿತು. ಸೋರಿಕೆ ಮೊದಲಿಂದಲೂ ಇರಲೇ ಇಲ್ಲ!

ಆಯಿಲ್ ಯಾವುದು ಅನ್ನೋದೂ ಮುಖ್ಯ. ನಿಮ್ಮದಕ್ಕೆ ಟೊಯೋಟಾ ಡಬ್ಲ್ಯೂಎಸ್ ದರ್ಜೆಯ ಎಟಿಎಫ್. ಕೆಂಪಗಿರೋದೆಲ್ಲ ಒಂದೇ ಅಂದುಕೊಳ್ಳಬೇಡಿ, ಆ ಕೆಂಪು ಬರೀ ಬಣ್ಣ, ಎಂಜಿನ್ ಆಯಿಲ್ಲಿನಿಂದ ಬೇರೆ ಅಂತ ಗುರುತಿಗೆ ಕಂಪನಿಗಳು ಬೆರೆಸೋದು. ಕ್ಲಚ್ ಪ್ಲೇಟ್ ಎಷ್ಟು ಮೃದುವಾಗಿ ಹಿಡಿಯಬೇಕು ಅನ್ನೋದನ್ನು ತೀರ್ಮಾನ ಮಾಡುವ ರಾಸಾಯನಿಕ ಅದರೊಳಗಿರುತ್ತೆ, ಅದು ಕಣ್ಣಿಗೆ ಕಾಣೋದಿಲ್ಲ. ಹಳೆಯ ಕಾಲದಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು ಅಂದರೆ ನಂಬುತ್ತೀರಾ? ಎಪ್ಪತ್ತರ ದಶಕದ ಶುರುವಿನಲ್ಲಿ ಅಲ್ಲಿ ತಿಮಿಂಗಿಲ ಉಳಿಸುವ ಕಾನೂನು ಬಂದ ಮೇಲೆ ಬೇರೆ ದಾರಿ ಹುಡುಕಬೇಕಾಯಿತು. ಇರಲಿ. ಡಬ್ಬಿಯ ಮೇಲೆ ಡಬ್ಲ್ಯೂಎಸ್ ಅಂತ ಇರಬೇಕು, ಡಬ್ಬಿ ನಿಮ್ಮೆದುರೇ ಒಡೆಯಬೇಕು. ‘ಎಲ್ಲಾ ಆಟೋಮ್ಯಾಟಿಕ್ಕಿಗೂ ಆಗುತ್ತೆ’ ಅನ್ನುವ ಬ್ಯಾರೆಲ್ ಆಯಿಲ್ ಬೇಡ.

ನಿಮ್ಮ ಪರಿಚಯದ ಮೆಕ್ಯಾನಿಕ್ ಹೇಳಿದ ‘ನೋಡೋದೇ ಬೇಡ’ದಲ್ಲಿ ಅರ್ಧ ನಿಜ ಇದೆ. ಎಟಿಎಫ್ ಎಂಜಿನ್ ಆಯಿಲ್ಲಿನ ಹಾಗೆ ಉರಿದು ಕಡಿಮೆಯಾಗುವಂಥದ್ದಲ್ಲ. ಸೋರಿಕೆ ಇಲ್ಲದಿದ್ದರೆ ಫ್ಯಾಕ್ಟರಿಯಲ್ಲಿ ಹಾಕಿದ್ದು ಹಾಗೇ ಇರುತ್ತೆ, ಬಿಡದಿಯಲ್ಲಿ ಗಾಡಿ ಜೋಡಿಸಿದವರು ಅಳತೆ ನೋಡಿಯೇ ಕಳಿಸಿರುತ್ತಾರೆ. ಹಾಗಾಗಿ ವಾರ ವಾರ, ತಿಂಗಳು ತಿಂಗಳು ನೋಡೋದು ಬೇಕಿಲ್ಲ. ಆದರೆ ಅಡಿಗೆ ಪೆಟ್ಟು ಬಿದ್ದಾಗ, ಕೂಲರ್ ಅಥವಾ ರೇಡಿಯೇಟರ್ ಬಿಚ್ಚಿದಾಗ, ಎಲ್ಲಾದರೂ ತೇವ ಕಂಡಾಗ, ಆಯಿಲ್ ಬದಲಿಸಿದಾಗ ನೋಡಲೇಬೇಕು. ‘ಲೈಫ್‌ಟೈಮ್ ಆಯಿಲ್’ ಅನ್ನುವ ಮಾತನ್ನೂ ನಾನು ಪೂರ್ತಿ ಒಪ್ಪೋದಿಲ್ಲ. ಜರ್ಮನಿಯ ಝಡ್‌ಎಫ್ ಕಂಪನಿ ಗೇರ್‌ಬಾಕ್ಸ್ ಮಾಡುವವರೇ, ಅವರೇ ತಮ್ಮ ಆಟೋಮ್ಯಾಟಿಕ್ಕುಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತಾರೆ. ಅದೇ ಗೇರ್‌ಬಾಕ್ಸ್ ಹಾಕಿಕೊಂಡ ಕಾರು ಕಂಪನಿಗಳು ಎಷ್ಟೋ ಕಡೆ ಲೈಫ್‌ಟೈಮ್ ಅನ್ನುತ್ತವೆ. ಘಾಟಿ ರಸ್ತೆ, ತೋಟದ ಲೋಡು, ಹಿಂದೆ ಟ್ರೇಲರ್ ಇದ್ದರೆ ನಾನಾದರೆ 80,000ಕ್ಕೆ ಬದಲಿಸುತ್ತೇನೆ.

ನಿಮ್ಮ ನೆಂಟರೋ ಸ್ನೇಹಿತರೋ ಅಮೆರಿಕದಲ್ಲಿ ಪಿಕಪ್ ಇಟ್ಟುಕೊಂಡಿದ್ದು ‘ನಮ್ಮದರಲ್ಲಿ ಡಿಪ್‌ಸ್ಟಿಕ್ ಇದೆಯಲ್ಲ’ ಅಂದರೆ ಅದೂ ಸುಳ್ಳಲ್ಲ. ಫೋರ್ಡ್ ಎಫ್-150ಯ ಹತ್ತು ಗೇರಿನ ಆಟೋಮ್ಯಾಟಿಕ್ಕಿನಲ್ಲಿ ಒಂದು ಗಿಡ್ಡ ಕಡ್ಡಿ ಇದೆ, ಆದರೆ ಅದು ಗೇರ್‌ಬಾಕ್ಸಿನ ಮೈಯಲ್ಲೇ, ಬಿಸಿ ಸೈಲೆನ್ಸರ್ ಪೈಪಿನ ಪಕ್ಕ, ಪ್ಲಗ್ಗಿಗೇ ಅಂಟಿಕೊಂಡಿರುತ್ತೆ. ಗಾಡಿಯಡಿಗೆ ಹೋಗದೆ ಸಿಗೋದಿಲ್ಲ. ರ‍್ಯಾಮ್ 1500ರ ಎಂಟು ಗೇರಿನದ್ದರಲ್ಲಿ ಪಕ್ಕದ ಫಿಲ್ಲರ್ ತೂತಿನ ಅಂಚೇ ಲೆವೆಲ್. ಇಲ್ಲಿನ ಇಸುಜು ವಿ-ಕ್ರಾಸ್ ಆಟೋಮ್ಯಾಟಿಕ್ಕಿಗೆ ಅದರದ್ದೇ ಆಯಿಲ್, ಅದರದ್ದೇ ಅಳತೆ. ಒಂದರ ಅಂಕಿ ಇನ್ನೊಂದಕ್ಕೆ ಹೊಂದೋದಿಲ್ಲ.

ನಿಮ್ಮ ಜೀಪಿನ ಅಭ್ಯಾಸ ಬಿಡಬೇಡಿ, ಅದನ್ನು ಸ್ವಲ್ಪ ಬೇರೆ ಕಡೆ ತಿರುಗಿಸಿ. ಫೋರ್ ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸ್ ಒಂದೇ ಅಲ್ಲ, ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಎರಡೂ ಕಡೆಗೆ ಶಕ್ತಿ ಹಂಚುವ ಪೆಟ್ಟಿಗೆ), ಮುಂದಿನ ಕ್ರೌನ್, ಹಿಂದಿನ ಕ್ರೌನ್ (ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು), ಇವಕ್ಕೂ ಬೇರೆ ಬೇರೆ ಆಯಿಲ್ ಇದೆ. ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ನೀರು ಸೇರುವ ಭಯ ಜಾಸ್ತಿ ಇರೋದು ಇವಕ್ಕೆ. ಬಿಸಿಯಾದ ಕ್ರೌನ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತೆ. ಕಂಪನಿ 700 ಮಿಲಿಮೀಟರ್ ನೀರು ದಾಟಬಹುದು ಅನ್ನುತ್ತೆ ನಿಜ, ಆದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ ಪ್ಲಗ್ ತೆಗೆಸಿ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಆಗಿದೆಯಾ ನೋಡಿಸಿ.

ಇನ್ನು ನಿಮ್ಮ ಕಲ್ಲಿನ ಪೆಟ್ಟು. ರಟ್ಟಿನ ಪರೀಕ್ಷೆಯಲ್ಲಿ ಹನಿ ಎಟಿಎಫ್ ಅಂತ ಕಂಡರೆ ಈ ವಾರವೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಜಾಬ್ ಕಾರ್ಡಿನಲ್ಲಿ ‘ಅಡಿಗೆ ಕಲ್ಲು ಬಡಿದಿದೆ, ಗಾರ್ಡ್ ಬಿಚ್ಚಿ ಗೇರ್‌ಬಾಕ್ಸ್ ಚೇಂಬರ್, ಅದರ ಗ್ಯಾಸ್ಕೆಟ್, ಕೂಲರ್ ಪೈಪ್, ಹಿಂದಿನ ಸೀಲ್ ನೋಡಿ, ತಣ್ಣಗಿದ್ದಾಗಿಂದ ಶುರು ಮಾಡಿ ಲೆವೆಲ್ ನೋಡಿ’ ಅಂತ ಬರೆಸಿ, ಬಾಯಿಮಾತಲ್ಲಿ ಬಿಡಬೇಡಿ. ಚೇಂಬರ್ ಒಳಕ್ಕೆ ಬಗ್ಗಿದ್ದರೆ ಸೋರದಿದ್ದರೂ ಬದಲಿಸಬೇಕಾಗಬಹುದು, ಒಳಗಿನ ಫಿಲ್ಟರಿಗೆ ತಾಗಿ ಆಯಿಲ್ ಎಳೆಯುವ ದಾರಿ ಇಕ್ಕಟ್ಟಾಗಿರುತ್ತೆ. ಕಲ್ಲಿನ ಪೆಟ್ಟಿಗೆ ವಾರಂಟಿ ಬರೋದಿಲ್ಲ, ಅದು ಇನ್ಶೂರೆನ್ಸ್ ಲೆಕ್ಕ, ಹಾಗಾಗಿ ಗಾರ್ಡ್ ಬಿಚ್ಚುವ ಮೊದಲೇ ಒಂದೆರಡು ಫೋಟೋ ತೆಗೆದಿಡಿ.

ಅಲ್ಲಿಯವರೆಗೆ ಗಾಡಿ ಓಡಿಸಬಹುದಾ ಅಂದರೆ, ರಾತ್ರಿಗೆ ನಾಲ್ಕೈದು ಹನಿ ಅಷ್ಟೇ ಇದ್ದು, ಬೆಳಗ್ಗೆ ರಿವರ್ಸ್ ಹಾಕಿದ ತಕ್ಷಣ ಗಾಡಿ ಹಿಡಿದುಕೊಳ್ಳುತ್ತಿದ್ದರೆ ಊರೊಳಗೆ ಓಡಿಸಿ, ಲೋಡ್ ಹಾಕಬೇಡಿ, ಘಾಟಿ ಇಳಿಯಬೇಡಿ. ರಿವರ್ಸ್ ಹಾಕಿ ಒಂದೆರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ದಡಕ್ ಅಂತ ಹಿಡಿದರೆ, ಅಥವಾ ಗೇರ್ ಬದಲಾಗುವಾಗ ಗಾಡಿ ಮುಂದಕ್ಕೆ ಹೋಗದೆ ಎಂಜಿನ್ ಮಾತ್ರ ಗುರ್ರ್ ಅಂತ ಏರಿದರೆ ಅಲ್ಲೇ ನಿಲ್ಲಿಸಿ. ಆಗ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದಾಗ ಪಂಪ್ ತಿರುಗೋದಿಲ್ಲ, ಚಕ್ರ ಮಾತ್ರ ತಿರುಗಿದರೆ ಗೇರ್‌ಬಾಕ್ಸ್ ಆಯಿಲ್ಲಿಲ್ಲದೆ ಒಣಗಿ ತಿರುಗುತ್ತೆ. ನಾಲ್ಕೂ ಚಕ್ರ ಮೇಲೆ ಹತ್ತಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಕರೆಸಿ, ಫೋನಿನಲ್ಲಿ ಮೊದಲೇ ‘ಆಟೋಮ್ಯಾಟಿಕ್, ಫೋರ್ ವೀಲ್’ ಅಂತ ಹೇಳಿ, ಇಲ್ಲದಿದ್ದರೆ ಮುಂದಿನ ಎರಡು ಚಕ್ರ ಎತ್ತುವ ಕ್ರೇನ್ ಕಳಿಸಿಬಿಡುತ್ತಾರೆ.